ಉಳಿದ ಅನ್ನ ಯಾರ ಪಾಲಿಗೆ?

ತೂಕ ಇಳಿಸಬೇಕೆಂದು ವೈದ್ಯರು ಹೇಳಿ ಕಳುಹಿಸಿದ ಗೃಹಿಣಿಯರಲ್ಲಿ ಹೆಚ್ಚಿನವರು ಆಹಾರ ಸಲಹೆಗಾರಳಾದ ನನ್ನೆದುರು ಕುಳಿತು ಹೇಳುವ ಮೊದಲ ಮಾತು, "ನಾನು ತಿನ್ನುವುದೇ ಕಡಿಮೆ, ಆದರೂ ಮೈ ಬರುತ್ತದೆ" ಎಂಬುದು. ಮನೆಯವರು ಈ ಮಾತನ್ನು ನಂಬುವುದಿಲ್ಲ. ನಾನು ನಂಬುತ್ತೇನೆ, ಮತ್ತು ಏಕೆ ನಂಬುತ್ತೇನೆಂದು ತಿಳಿಸಲು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಕೆ ತೋಟದ ಮನೆಯೊಂದರ ಸೊಸೆ, ನಲವತ್ತು ದಾಟಿದವರು, ತೂಕ 72 ಕಿಲೋ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ ಶೇಕಡಾ 6.1 ಬಂದಿತ್ತು, ಅದು 5.7ರಿಂದ 6.4ರೊಳಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದಾರೆಂದು ಅರ್ಥ. ಕೈಯಲ್ಲಿ ಮಲಯಾಳದಲ್ಲಿ ಅಚ್ಚಾದ ಆಹಾರಪಟ್ಟಿಯಿತ್ತು. ಕನ್ನಡ ಮಾಧ್ಯಮದಲ್ಲಿ ಕಲಿತ ಅವರು ಅದನ್ನು ನೆರೆಮನೆಯವರಿಂದ ಓದಿಸಿಕೊಂಡಿದ್ದರು. ಅದರಲ್ಲಿದ್ದ ಓಟ್ಸ್ ಅವರ ಅಡುಗೆಮನೆಗೆ ಎಂದೂ ಬಂದ ವಸ್ತುವಲ್ಲ.

ಬೆಳಿಗ್ಗೆ ಎರಡು ದೋಸೆ, ಮಧ್ಯಾಹ್ನ ಒಂದೂವರೆ ಸೌಟು ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ ಎಂದು ಅವರು ಬರೆದು ತಂದ ಲೆಕ್ಕ ತೂಕಕ್ಕೆ ಹೊಂದುತ್ತಿರಲಿಲ್ಲ. ಏನು ತಿಂದಿರೆಂದು ಮತ್ತೆ ಕೇಳುವುದನ್ನು ಬಿಟ್ಟು, ಎಲ್ಲರೂ ಉಂಡು ಎದ್ದ ಮೇಲೆ ಪಾತ್ರೆ ತೊಳೆಯುವವರೆಗೆ ಏನೇನು ಮಾಡುತ್ತೀರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೊದಲು ಹಟ್ಟಿ ತುಂಬಾ ದನ ಇತ್ತು ಮೇಡಂ, ಉಳಿದದ್ದೆಲ್ಲ ಅಕ್ಕಚ್ಚಿಗೆ (ದನಕ್ಕೆ ಕೊಡುವ ಕಲಗಚ್ಚಿಗೆ) ಹೋಗುತ್ತಿತ್ತು. ದನ ಕೊಟ್ಟ ಮೇಲೆ ಅದನ್ನು ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ನಾನೇ ತಿಂದು ಮುಗಿಸುತ್ತೇನೆ."

ಮಗ ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಕೊದಿಲು (ನಮ್ಮ ಕಡೆಯ ಸಾಂಬಾರು), ಹಬ್ಬದ ಮರುದಿನದ ಪಾಯಸ, ಇವೆಲ್ಲವನ್ನೂ ಅವರು ನಿಂತುಕೊಂಡೇ ತಿನ್ನುತ್ತಿದ್ದುದರಿಂದ ಅವರ ಮನಸ್ಸಿನಲ್ಲಿ ಅದು ಊಟವೆಂದು ದಾಖಲಾಗಿರಲೇ ಇಲ್ಲ. ಬೆಂದ ಅನ್ನ 100 ಗ್ರಾಮಿಗೆ ಸುಮಾರು 130 ಕ್ಯಾಲೊರಿ. ಎರಡು ಹೊತ್ತು ಒಂದೊಂದು ಸೌಟು ಹೆಚ್ಚಾದರೂ ವರ್ಷದಲ್ಲಿ ಸೊಂಟದ ಸುತ್ತ ಕಾಣುತ್ತದೆ. ಅದೂ ಅಲ್ಲದೆ, ಎಲ್ಲರಿಗೂ ಬಡಿಸಿ, ಹಸಿವು ಮೀರಿದ ಹೊತ್ತಿನಲ್ಲಿ ಬೇಗಬೇಗನೆ ತಿನ್ನುವವರಿಗೆ ಸಾಕೆಂಬ ಸೂಚನೆ ತಡವಾಗಿ ಮುಟ್ಟುತ್ತದೆ, ಏಕೆಂದರೆ ಅದು ಮೆದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕು.

ನಾನು ಕೊಟ್ಟ ಸಲಹೆಯ ಮೊದಲ ಭಾಗ, ಎಲ್ಲರ ಜೊತೆಗೇ ಕುಳಿತು ತಮ್ಮದೇ ಬಟ್ಟಲಿನಲ್ಲಿ ಉಣ್ಣಬೇಕೆಂಬುದು. ಬಟ್ಟಲಿನ ಅರ್ಧಕ್ಕೆ ತೊಂಡೆಕಾಯಿ, ಅಲಸಂಡೆ, ಸೊಪ್ಪಿನಂಥ ಪಲ್ಯ ಮೊದಲು ಬರಲಿ, ಕಾಲು ಭಾಗಕ್ಕೆ ಹೆಸರುಕಾಳು ಅಥವಾ ಬೇಳೆ, ಉಳಿದ ಕಾಲು ಭಾಗಕ್ಕೆ ಅನ್ನ. ಕುಚ್ಚಲಕ್ಕಿ, ತಂಬುಳಿ, ಮಜ್ಜಿಗೆ ಯಾವುದನ್ನೂ ಬಿಡಬೇಕಾಗಿಲ್ಲ. ಎರಡನೆಯದು ಅನ್ನಕ್ಕೆ ಇಡುವ ಅಕ್ಕಿಯ ಅಳತೆ. ಮನೆಯಲ್ಲಿ ಆಳುಕಾಳು ಇದ್ದ ಕಾಲದ ಕುಡ್ತೆಯ (ಅಕ್ಕಿ ಅಳೆಯುವ ಪಾತ್ರೆಯ) ಲೆಕ್ಕವೇ ಈಗಲೂ ನಡೆಯುತ್ತಿತ್ತು. ಉಣ್ಣುವವರು ಮಾತ್ರ ಐದು ಮಂದಿ.

ಆ ಅಳತೆ ಅತ್ತೆಯ ಕೈಯಲ್ಲಿತ್ತು. ಆದ್ದರಿಂದ ಸೊಸೆಯ ಒಪ್ಪಿಗೆ ಪಡೆದು ಮುಂದಿನ ಭೇಟಿಗೆ ಅತ್ತೆಯನ್ನೂ ಗಂಡನನ್ನೂ ಕರೆಸಿದೆ. ತೂಕದ ವಿಷಯಕ್ಕೆ ಮನೆಮಂದಿಯನ್ನೆಲ್ಲ ಕರೆಸಬೇಕೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದುಂಟು. ಅಕ್ಕಿ ಅಳೆಯುವ ಅಧಿಕಾರವೇ ಇಲ್ಲದವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹೇಳಿ ಕಳುಹಿಸುವುದನ್ನು ನಾನು ಸಲಹೆಯೆಂದು ಒಪ್ಪುವುದಿಲ್ಲ. ಅನ್ನ ಬಿಸಾಡುವುದು ಪಾಪ ಎಂದು ಅತ್ತೆ ಹೇಳಿದಾಗ ಆ ಭಾವನೆಯನ್ನು ನಾನು ಅಲ್ಲಗಳೆಯಲಿಲ್ಲ. ಹೆಚ್ಚುವರಿ ಅಕ್ಕಿ ಪಾತ್ರೆಗೆ ಬಿದ್ದಾಗಲೇ ಅದು ನಷ್ಟವಾಗಿದೆ, ಸೊಸೆಯ ಹೊಟ್ಟೆಗೆ ಹೋದರೂ ಆ ನಷ್ಟ ತುಂಬುವುದಿಲ್ಲ ಎಂದೆ. ಉಳಿದರೆ ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಮರುದಿನದ ಅಳತೆಯಲ್ಲಿ ಅಷ್ಟನ್ನು ಕಳೆಯಿರಿ ಎಂದೂ ಹೇಳಿದೆ. ಗಂಡ ಆ ದಿನದಿಂದ ತಾನೇ ಬಡಿಸಿಕೊಳ್ಳಲು ಒಪ್ಪಿದರು.

ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತೂಕವನ್ನು ಶೇಕಡಾ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಗಿತ್ತು. ಇವರಿಗೆ ಆ 7 ಎಂದರೆ 5 ಕಿಲೋ. ಹಾಗಾಗಿ ಇಪ್ಪತ್ತು ಕಿಲೋ ಇಳಿಸುವ ಕನಸನ್ನು ನಾನು ಯಾರಿಗೂ ಕೊಡುವುದಿಲ್ಲ. ಸಕ್ಕರೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಮಾತ್ರ ವೈದ್ಯರಿಗೆ ತಿಳಿಸದೆ ಅನ್ನ ಕಡಿಮೆ ಮಾಡಬಾರದು. ಸಕ್ಕರೆ ಅಪಾಯಕರವಾಗಿ ಇಳಿಯಬಹುದು.

ಆರು ತಿಂಗಳಲ್ಲಿ ಅವರ ತೂಕ 68 ಕಿಲೋಗೆ ಬಂತು. ಯಾರಾದರೂ ಬಂದರೆ ಇರಲಿ ಎಂದು ಅತ್ತೆ ಈಗಲೂ ಕೆಲವು ದಿನ ಅರ್ಧ ಕುಡ್ತೆ ಹೆಚ್ಚು ಹಾಕುತ್ತಾರಂತೆ. ಮುಂದಿನ ಭೇಟಿಗೆ ಅವರೂ ಬರುತ್ತಾರೆ.