ಓದುಗರ ಪ್ರಶ್ನೆ: ಪೊಲೀಸ್ ದೈಹಿಕ ಪರೀಕ್ಷೆಗೆ ಮೈ ಹದ ಮಾಡುವುದು

ಪ್ರಶ್ನೆ: 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ದಿನಾ ಪೂರ್ತಿ ದೂರ ಓಡಿ ಸಮಯ ನೋಡುತ್ತೇನೆ, 7 ನಿಮಿಷಕ್ಕಿಂತ ಕೆಳಗೆ ಇಳಿಯುತ್ತಲೇ ಇಲ್ಲ. ಮೊದಲ ಸುತ್ತು ಮಾತ್ರ 80 ಸೆಕೆಂಡಿಗೇ ಆಗಿಬಿಡುತ್ತದೆ.

ಉತ್ತರ: ಎಡವಟ್ಟಾಗುತ್ತಿರುವುದೇ ಆ 80ರಲ್ಲಿ. ಲೆಕ್ಕ ಹಾಕಿ: ಉಳಿದ ಮೂರು ಸುತ್ತಿಗೆ 340 ಸೆಕೆಂಡ್, ಅಂದರೆ ಸುತ್ತಿಗೆ 113. ನಿಮಗೆ ಬೇಕಿರುವುದು ಸುತ್ತಿಗೆ 97. ಮೊದಲ 200 ಮೀಟರ್ ದಾಟುವಾಗ ಗಡಿಯಾರ 48 ತೋರಿಸಬೇಕು. 40 ತೋರಿಸಿತೋ, ಮೂರನೇ ಸುತ್ತಿಗೆ ತೊಡೆ ಕಲ್ಲಾಗುತ್ತದೆ. ಜೊತೆಯವರು ಮುಂದೆ ನುಗ್ಗಿದರೆ ನುಗ್ಗಲಿ.

ದಿನಾ ಪರೀಕ್ಷೆ ಬರೆಯುತ್ತಿದ್ದರೆ ಓದುವುದು ಯಾವಾಗ? ಪೂರ್ತಿ ಓಟದ ಸಮಯ ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು. ವಾರಕ್ಕೊಂದು ದಿನ 400 ಮೀಟರಿನ ಆರು ಓಟ, ಪ್ರತಿಯೊಂದೂ 96–97 ಸೆಕೆಂಡಿಗೆ, ನಡುವೆ 2 ನಿಮಿಷ ನಡಿಗೆ. ಆರನೆಯದೂ ಮೊದಲನೆಯದರಷ್ಟೇ ಹೊತ್ತಿಗೆ ಮುಗಿಯತೊಡಗಿದಾಗ ವೇಗ ಏರಿಸಬೇಡಿ, ವಿರಾಮವನ್ನು 90 ಸೆಕೆಂಡಿಗೆ ಇಳಿಸಿ. ಇನ್ನೊಂದು ದಿನ 800 ಮೀಟರಿನ ಮೂರು ಓಟ, ತಲಾ 3 ನಿಮಿಷ 15 ಸೆಕೆಂಡಿಗೆ. ಮತ್ತೆರಡು ದಿನ 30–40 ನಿಮಿಷ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ.

ಇನ್ನೊಂದು, ತಿರುವಿನಲ್ಲಿ ಒಳಗಿನ ಗೆರೆ ಬಿಡಬೇಡಿ. ಎರಡನೇ ಲೇನಿನಲ್ಲಿ ಓಡಿದರೆ ಸುತ್ತಿಗೆ 7 ಮೀಟರಿಗೂ ಹೆಚ್ಚು ದೂರ. ನಾಲ್ಕು ಸುತ್ತಿಗೆ ಸುಮಾರು 7 ಸೆಕೆಂಡ್ ಸುಮ್ಮನೆ ಹೋಯಿತು. ಯಾರನ್ನಾದರೂ ದಾಟುವುದಿದ್ದರೆ ನೇರ ಹಾದಿಯಲ್ಲಿ ದಾಟಿ.

ಪ್ರಶ್ನೆ: ಓಟ ಶುರುಮಾಡಿ ಮೂರು ವಾರ. ಮೊಣಕಾಲಿನ ಕೆಳಗೆ ಎಲುಬಿನ ಒಳಬದಿ ನೋಯುತ್ತಿದೆ. ಓಟ ನಿಲ್ಲಿಸಬೇಕೆ?

ಉತ್ತರ: ಎಲುಬಿನ ಒಳ ಅಂಚಿನ ಗುಂಟ ಬೆರಳಿನಿಂದ ಒತ್ತುತ್ತಾ ಬನ್ನಿ. ಅಂಗೈಯುದ್ದಕ್ಕೂ ನೋವು ಹರಡಿಕೊಂಡಿದ್ದರೆ ಬಹುಮಟ್ಟಿಗೆ ಹೊರೆ ಹೆಚ್ಚಾದದ್ದರ ಫಲ: ಓಟವನ್ನು ಅರ್ಧಕ್ಕಿಳಿಸಿ, ಡಾಂಬರು ಬಿಟ್ಟು ಮಣ್ಣಿನ ಮೇಲೆ ಓಡಿ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ಮೊಣಕಾಲು ನೇರವಿಟ್ಟು 15ರಂತೆ ಮೂರು ಸಲ, ಸ್ವಲ್ಪ ಬಗ್ಗಿಸಿ ಮತ್ತೆ ಮೂರು ಸಲ ಮಾಡಿ. ಹಾಗಲ್ಲದೆ ಬೆರಳ ತುದಿಯಷ್ಟು ಜಾಗದಲ್ಲೇ ಚುಚ್ಚಿದಂತಾಗಿ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ನೋವು ಹೆಚ್ಚಿದರೆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕಿರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ವರದಿ ಚೆನ್ನಾಗಿದೆ ಎಂದು ಮತ್ತೆ ಓಡಲು ಹೋಗಬೇಡಿ.

ಪ್ರಶ್ನೆ: ಉದ್ದ ಜಿಗಿತದಲ್ಲಿ ದೂರ ಹಾರಿದಂತೆ ಅನಿಸುತ್ತದೆ, ಅಳತೆ ಮಾತ್ರ ಕಡಿಮೆ.

ಉತ್ತರ: ಬಿದ್ದಾಗ ಕೈ ಹಿಂದಕ್ಕೆ ಊರುತ್ತಿದ್ದೀರಿ. ಜಿಗಿಯುವ ಗೆರೆಗೆ ಅತಿ ಹತ್ತಿರದ ಗುರುತಿನಿಂದಲೇ ಅಳೆಯುತ್ತಾರೆ, ಅದು ಕೈಯದಾದರೂ ಸರಿ. ಹಿಮ್ಮಡಿ ಮರಳಿಗೆ ತಾಗಿದೊಡನೆ ಮೊಣಕಾಲು ಮಡಚಿ, ಕೈಗಳನ್ನು ಮುಂದಕ್ಕೆ ಬೀಸಿ, ಮೈಯನ್ನು ಮುಂದಕ್ಕೋ ಪಕ್ಕಕ್ಕೋ ಬೀಳಲು ಬಿಡಿ.

ಪ್ರಶ್ನೆ: ಗೆಳೆಯ ಮೊದಲ ದಿನವೇ ಪಂತಕ್ಕೆ 300 ಬಸ್ಕಿ ಹೊಡೆದ. ಮರುದಿನ ತೊಡೆ ಊದಿ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ನೀರು ಜಾಸ್ತಿ ಕುಡಿದರೆ ಸಾಕೇ?

ಉತ್ತರ: ಸಾಲದು. ಪತ್ರಿಕೆಯ ಉತ್ತರಕ್ಕೆ ಕಾಯುವ ವಿಷಯವೂ ಅಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕಾದದ್ದು. ಸ್ನಾಯು ಒಡೆದು ರಕ್ತಕ್ಕೆ ಸೇರಿದ ಅಂಶಗಳು ಮೂತ್ರಪಿಂಡವನ್ನೇ ಕೆಡಿಸಬಲ್ಲವು. ರಕ್ತ ಪರೀಕ್ಷೆ ಆಗಲೇಬೇಕು. ವೈದ್ಯರು ಒಪ್ಪಿದ ಮೇಲಷ್ಟೇ ಮತ್ತೆ ಬಸ್ಕಿ, ಅದೂ 10ರಂತೆ ಎರಡು ಸಲದಿಂದ.