ಕಾರು ನೋಡಲು ಹೋದರೆ ಮೊದಲು ಹಿಂದಿನ ಬಾಗಿಲು ತೆಗೆಯಿರಿ

ಚೌತಿ ಕಳೆದು ನವರಾತ್ರಿ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ. ಯಾವ ಸೆಡಾನ್ (ಡಿಕ್ಕಿ ಹಿಂದೆ ಬೇರೆಯಾಗಿ ಚಾಚಿರುವ ಕಾರು) ಒಳ್ಳೆಯದು? ಮೈಲೇಜ್ ಎಷ್ಟು? ಸನ್‌ರೂಫ್ ಉಂಟಾ? ಕಾರಿನಲ್ಲಿ ಯಾರ್‍ಯಾರು ಕೂರುತ್ತಾರೆ ಅಂತ ಬರೆಯುವವರೇ ಇಲ್ಲ. ಅದು ಗೊತ್ತಿಲ್ಲದೆ ನಾನು ಎಂತ ಹೇಳುವುದು? ಈ ಸಲ ಉಡುಪಿಯ ಓದುಗರೊಬ್ಬರು ಮನೆಯವರ ಲೆಕ್ಕವನ್ನೂ ಕೊಟ್ಟು ಕೇಳಿದ್ದಾರೆ. ಹಾಗಾಗಿ ಜಾಸ್ತಿ ಜಾಗ ಅವರಿಗೇ.

ನಾವು ಐದು ಜನ. ನಾನು, ಹೆಂಡತಿ, ಹತ್ತನೇ ಕ್ಲಾಸಿನ ಮಗ, ಅಪ್ಪ, ಅಮ್ಮ. ಅಮ್ಮನಿಗೆ ಮಂಡಿ ನೋವು. ಆಗಾಗ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗುತ್ತೇವೆ. ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ನೋಡಿದ್ದೇವೆ, ಆಟೋಮ್ಯಾಟಿಕ್ಕೇ ಬೇಕು. ಘಾಟಿಗೆ ಹಿಂದಿನ ಚಕ್ರ ಎಳೆಯುವ ಗಾಡಿಯೇ ಆಗಬೇಕು ಅಂತ ಅಪ್ಪನ ಹಟ. ಈಗಿನ ಕಾರು ಮಳೆಗಾಲದಲ್ಲಿ ನಮ್ಮ ಗೇಟಿನ ಏರಿನಲ್ಲೇ ಜಾರುತ್ತದೆ. ಯಾವುದು ತಗೊಳ್ಳಲಿ? (ಉಡುಪಿ)

ಮೊದಲು ಅಪ್ಪನ ಮಾತು. ನೀವು ನೋಡಿದ ನಾಲ್ಕೂ ಮುಂದಿನ ಚಕ್ರ ಎಳೆಯುವ ಕಾರುಗಳು. ಹಿಂದಿನ ಚಕ್ರ ಎಳೆಯುವ ಹೊಸ ಸೆಡಾನ್ ಬೇಕಾದರೆ ಬೆಂಜ್, ಬಿಎಂಡಬ್ಲ್ಯು ಕಡೆ ಹೋಗಬೇಕು. ಆದರೆ ಅಪ್ಪ ಹೇಳಿದ್ದರಲ್ಲಿ ಹುರುಳಿಲ್ಲ ಅಂತ ಅಲ್ಲ. ಗಾಡಿ ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಅಂಬಾಸಿಡರ್‌ನಲ್ಲಿ ಎಳೆಯುವ ಚಕ್ರವೂ ಹಿಂದೆಯೇ ಇತ್ತು, ಹಾಗಾಗಿ ಜನ ತುಂಬಿದಷ್ಟೂ ಹಿಡಿತ ಚೆನ್ನಾಗಿರುತ್ತಿತ್ತು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂದೆ ಮೂರು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ನೆಲ ಒದ್ದೆ ಇದ್ದರೆ ಚಕ್ರ ಸುಮ್ನೆ ತಿರುಗುತ್ತದೆ.

ಆದರೆ ಇದು ನಿಮ್ಮ ಗೇಟಿನ ಸಮಸ್ಯೆ, ಆಗುಂಬೆಯದ್ದಲ್ಲ. ಸೋಮೇಶ್ವರ ದಾಟಿದ ಮೇಲಿನ ಆ 14 ತಿರುವುಗಳಲ್ಲಿ ಇರುವುದು ಡಾಂಬರು. ಈ ನಾಲ್ಕರಲ್ಲಿ ಯಾವುದೂ ಅಲ್ಲಿ ಸೋಲುವುದಿಲ್ಲ. ನಿಮ್ಮ ಗೇಟಿನ ಸಿಮೆಂಟಿನ ಮೇಲೆ ಇರುವುದು ಪಾಚಿ. ಜೂನ್‌ಗೆ ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿಸಿ. ನೆಲಕ್ಕೆ ಅಡ್ಡಡ್ಡ ಗೀರು ಹಾಕಿಸಿ. ಟೈರಿನ ಕಚ್ಚಿನ ಆಳ 1.6 ಮಿ.ಮೀ.ಗೆ ಇಳಿಯುವವರೆಗೂ ಕಾನೂನು ಬಿಡುತ್ತದೆ, ನಮ್ಮ ಮಳೆ ಬಿಡುವುದಿಲ್ಲ. 3 ಮಿ.ಮೀ. ಆದಾಗಲೇ ಬದಲಾಯಿಸಿ. ಅಷ್ಟಾಗಿಯೂ ಜಾರಿದರೆ ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿ. ಆಗ ಎಳೆಯುವ ಚಕ್ರ ಕೆಳಬದಿಗೆ ಬರುತ್ತದೆ, ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಹಿಂದೆ ಮಕ್ಕಳು ಇಲ್ಲ ಅಂತ ಒಬ್ಬರು ನಿಂತು ನೋಡಲೇಬೇಕು.

ಈಗ ಒಳಗೆ ಬನ್ನಿ. ಶೋರೂಮಿನಲ್ಲಿ ನೀವು ಕೂತದ್ದು ಸ್ಟಿಯರಿಂಗ್ ಹಿಂದೆ, ಅಲ್ವಾ? ಎಲ್ಲರೂ ಅಲ್ಲೇ ಕೂರುವುದು. ನಿಮ್ಮ ಮನೆಯ ಐದು ಜನರಲ್ಲಿ ಮೂರು ಜನ ಹಿಂದೆ ಕೂರುವವರು. ಅವರನ್ನು ಕರೆದುಕೊಂಡು ಹೋಗದೆ ಅಡ್ವಾನ್ಸ್ ಕೊಡಬೇಡಿ. ಮುಂದಿನ ಸೀಟನ್ನು ನೀವು ಓಡಿಸುವ ಅಳತೆಗೆ ಇಟ್ಟು, ಹಿಂದೆ ಮೂರು ಜನ ಹೆಗಲಿಗೆ ಹೆಗಲು ಕೊಟ್ಟು ಹದಿನೈದು ನಿಮಿಷ ಕೂತು ನೋಡಿ. ಸೇಲ್ಸ್‌ನವರು ಅವಸರ ಮಾಡಿದರೂ ಏಳಬೇಡಿ.

ಮುಂದಿನ ಚಕ್ರದ ಕಾರಾದರೆ ನೆಲ ಸಪಾಟಾಗಿರುತ್ತದೆ ಅಂತ ಹೇಳುವವರಿದ್ದಾರೆ. ಪೂರ್ತಿ ನಿಜ ಅಲ್ಲ. ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲದಿದ್ದರೂ ಸೈಲೆನ್ಸರ್ ಪೈಪಿಗೆ, ಬಾಡಿಯ ಬಿಗಿತಕ್ಕೆ ನಡುವೆ ಒಂದು ಉಬ್ಬು ಬೇಕು. ಸ್ಲಾವಿಯಾ, ವರ್ಟಸ್‌ನಲ್ಲಿ ಆ ಉಬ್ಬು ಎತ್ತರ. ನಡುವೆ ಕೂತವರು ಕಾಲನ್ನು ಎರಡು ಕಡೆ ಹಾಕಬೇಕು, ಪಕ್ಕದವರ ಪಾದ ತುಳಿಯಬೇಕು. ಇಬ್ಬರೇ ಆದರೆ ಆ ಸೀಟು ಸೊಗಸು. ನಿಮ್ಮ ಮಗ ಈಗಲೇ ಉದ್ದ ಬೆಳೆಯುವ ವಯಸ್ಸಿನವನು, ನಡುವೆ ಕೂರುವವನೂ ಅವನೇ. ಅವನನ್ನೇ ಕೂರಿಸಿ ನೋಡಿ.

ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ನೋಡಿ ಕಾರು ಆರಿಸುವುದೂ ತಪ್ಪು. ವರ್ನಾದ್ದು 2,670 ಮಿ.ಮೀ., ಸ್ಲಾವಿಯಾ ಮತ್ತು ವರ್ಟಸ್‌ದ್ದು 2,651, ಸಿಟಿಯದ್ದು 2,600. ಕಾಗದದಲ್ಲಿ ಸಿಟಿಯೇ ಚಿಕ್ಕದು. ಆದರೂ ಹಿಂದೆ ಮೂರು ಜನ ಕೂರುವುದಕ್ಕೆ ನನಗೆ ಸಿಟಿಯೇ ಹಿಡಿಸಿದ್ದು. ವರ್ನಾದಲ್ಲಿ ಕಾಲಿಗೆ ಧಾರಾಳ ಜಾಗ ಉಂಟು, ಆದರೆ ಚಾವಣಿ ಹಿಂದಕ್ಕೆ ಇಳಿಜಾರು. ಎತ್ತರದವರ ತಲೆ ತಾಗುತ್ತದೆಯಾ ನೋಡಿ.

ಅಮ್ಮನ ಮಂಡಿ ಇನ್ನೂ ಮುಖ್ಯ. ಸೆಡಾನ್ ಅಂದರೆ ಸೀಟು ತಗ್ಗು. ಅವರು ದಿನಾ ಉಡುವ ಸೀರೆಯಲ್ಲೇ ಬರಲಿ. ಸೊಂಟ ಮೊದಲು ಒಳಗೆ, ಆಮೇಲೆ ಕಾಲು. ಇಳಿಯುವಾಗ ಎರಡೂ ಪಾದ ನೆಲಕ್ಕೆ ಊರಿ, ಯಾರ ಕೈಯೂ ಹಿಡಿಯದೆ ಏಳಲಿಕ್ಕೆ ಆಗುತ್ತದಾ ನೋಡಿ. ಆಷಾಢದ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಬೇರೆ ಇರುತ್ತದೆ. ಕಷ್ಟ ಅನ್ನಿಸಿದರೆ ಅಮ್ಮನನ್ನು ಮುಂದಿನ ಎಡ ಸೀಟಿಗೆ ಬದಲಾಯಿಸಿ. ಆ ಸೀಟನ್ನು ಹಿಂದಕ್ಕೆ ಸರಿಸಬಹುದು, ಬಾಗಿಲೂ ಅಗಲ. ಅಲ್ಲೂ ಆಗದಿದ್ದರೆ ಸೆಡಾನ್ ಆಸೆಯನ್ನೇ ಬಿಡಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಎಳೆಯುವ ಚಕ್ರ ಮುಂದೆಯಾ, ಹಿಂದೆಯಾ ಅನ್ನುವುದಕ್ಕಿಂತ ತಲೆ ಕೆಡಿಸಿಕೊಳ್ಳಬೇಕಾದ್ದು ಗೇರ್‌ಬಾಕ್ಸ್ ಬಗ್ಗೆ. 1.5 ಲೀಟರ್ ಟರ್ಬೊ ಎಂಜಿನ್ನಿನ ಸ್ಲಾವಿಯಾ, ವರ್ಟಸ್, ಟರ್ಬೊ ವರ್ನಾದ ಆಟೋಮ್ಯಾಟಿಕ್‌ನಲ್ಲಿ ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಹೈವೇಯಲ್ಲಿ ಅದರ ಓಟವೇ ಬೇರೆ. ಆದರೆ ಆ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಗಾಳಿಯಲ್ಲೇ ತಣಿಯಬೇಕು. ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ನಂತೂರಿನಲ್ಲೋ ಇಂಚಿಂಚು ತೆವಳುತ್ತಾ, ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರ್‌ನಲ್ಲೇ ಗಾಡಿ ನಿಲ್ಲಿಸುವ ಅಭ್ಯಾಸ ಇದ್ದವರ ಕೈಯಲ್ಲಿ ಅದು ಬಿಸಿಯಾಗುತ್ತದೆ. ಮನೆಯಲ್ಲಿ ಹಲವರು ಓಡಿಸುವ ಕಾರಿಗೆ ನಾನು ಅದನ್ನು ಹೇಳುವುದಿಲ್ಲ. 1.0 ಟರ್ಬೊ ಸ್ಲಾವಿಯಾ, ವರ್ಟಸ್‌ನ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಎಳೆಯುವ ಆಟೋಮ್ಯಾಟಿಕ್) ಅಥವಾ ಸಿಟಿಯ ಸಿವಿಟಿ (ಹಲ್ಲಿನ ಗೇರ್ ಬದಲು ಬೆಲ್ಟಿನಲ್ಲಿ ಓಡುವ ಆಟೋಮ್ಯಾಟಿಕ್) ತಗೊಳ್ಳಿ. ಐದು ಜನ ಕೂತು ಘಾಟಿ ಹತ್ತುವಾಗ ಸಿವಿಟಿಯಲ್ಲಿ ಎಂಜಿನ್ ಜೋರಾಗಿ ಕೂಗುತ್ತದೆ. ಅದು ಅದರ ಗುಣ, ಗಾಬರಿ ಬೇಡ.

ಡಿಕ್ಕಿ ನಾಲ್ಕರಲ್ಲೂ 500 ಲೀಟರ್ ಮೇಲೆ ಉಂಟು. ಆದರೆ ಸಿಟಿಯ ಹೈಬ್ರಿಡ್ ತಗೊಂಡರೆ ಬ್ಯಾಟರಿಗೆ ಜಾಗ ಹೋಗಿ 306 ಲೀಟರ್‌ಗೆ ಇಳಿಯುತ್ತದೆ. ಕುಚ್ಚಲಕ್ಕಿ ಮೂಟೆ, ತೆಂಗಿನಕಾಯಿ ಎಲ್ಲ ಊರಿಂದ ತರುವ ಮನೆಗೆ ಅದು ಸಾಲದು. ಅಡಿ ತಾಗುವ ಹೆದರಿಕೆ ಇದ್ದರೆ ಸ್ಲಾವಿಯಾ, ವರ್ಟಸ್‌ನ 179 ಮಿ.ಮೀ. ಎತ್ತರ ಅನುಕೂಲ. ಸಿಟಿಯದ್ದು 165.

ನಿಮ್ಮ ಮನೆಗೆ ನನ್ನ ಆಯ್ಕೆ ಸಿಟಿ ಪೆಟ್ರೋಲ್ ಸಿವಿಟಿ. ಗೇಟಿನ ಬುಡದಲ್ಲಿ ಅದರ ಅಡಿ ಕೆರೆಯುತ್ತದೆ ಅಂತಾದರೆ 1.0 ಸ್ಲಾವಿಯಾ. ಟೆಸ್ಟ್ ಡ್ರೈವ್‌ಗೆ ಕಾರನ್ನು ಮನೆಗೇ ತರಿಸಿ, ಐದೂ ಜನ ಕೂತು ಅದೇ ಏರು ಹತ್ತಿಸಿ.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದಂತೆ, ಹೌದಾ? (ಸುರತ್ಕಲ್)

ಯಾರು ಹೇಳಿದರು ನಿಮಗೆ? ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ನನಗೆ ಹೆದರಿಕೆಯಾಗುತ್ತದೆ. ಈಗಿನ ಕಾರಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆಫ್ ಆಗದಿರಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ. ಎಂಜಿನ್ ಹಿಡಿತ ಇಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಶಿರಾಡಿಯಾಗಲಿ ಚಾರ್ಮಾಡಿಯಾಗಲಿ, ಹತ್ತಿದ ಗೇರಿನಲ್ಲೇ ಇಳಿಯಿರಿ. ಸಿವಿಟಿಯಾದರೆ ಗೇರ್ ಲಿವರನ್ನು ಎಲ್ ಅಥವಾ ಎಸ್‌ಗೆ ಹಾಕಿ.

ಸಮುದ್ರದ ಹತ್ತಿರ ಮನೆ. ಪ್ರತಿ ವರ್ಷ ಕಾರಿನ ಅಡಿಗೆ ತುಕ್ಕು ಹಿಡಿಯದ ಹಾಗೆ ಬಳಿಯುವ ಅಂಡರ್‌ಬಾಡಿ ಕೋಟಿಂಗ್ ಮಾಡಿಸಲಾ? (ಮಲ್ಪೆ)

ಬೇಡ. ಕೆಸರು, ತುಕ್ಕು ತೆಗೆಯದೆ ಮೇಲಿಂದ ಕಪ್ಪು ಬಳಿದು ದುಡ್ಡು ಕೀಳುವವರು ಜಾಸ್ತಿಯಾಗಿದ್ದಾರೆ. ಒಳಗೆ ಸಿಕ್ಕಿಕೊಂಡ ಉಪ್ಪುನೀರು ಆ ಪದರದ ಅಡಿಯಲ್ಲೇ ತಗಡು ತಿನ್ನುತ್ತದೆ. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳನ್ನೂ ಮುಚ್ಚಿ ಬಿಡುತ್ತಾರೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿ ತೊಳೆಸಿ, ಕಲ್ಲು ತಾಗಿ ಬಣ್ಣ ಹೋದ ಕಡೆ ಮಾತ್ರ ಸರಿ ಮಾಡಿಸಿ.

ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಮೈಲೇಜ್ ಬರುತ್ತದಾ? (ಕಾರ್ಕಳ)

ಇಲ್ಲ. ಮಾರುವವನಿಗೆ ಲಾಭ, ನಿಮಗೆ ಅಲ್ಲ.

ಸನ್‌ರೂಫ್ ಇರುವುದು ತಗೊಳ್ಳಲಾ? (ಬಿಜೈ)

ಮಾವಿನ ಮರದಡಿ ನಿಲ್ಲಿಸುವವರಾದರೆ ಬೇಡ. ಎಲೆ ಕಟ್ಟಿ ನೀರಿನ ಪೈಪು ಮುಚ್ಚಿದರೆ ಮಳೆ ಕಾರಿನ ಒಳಗೇ.

ಎರಡೇ ಹೊಸ ಟೈರ್ ಹಾಕಿಸುವುದಾದರೆ ಮುಂದಕ್ಕಾ, ಹಿಂದಕ್ಕಾ? (ಕುಂದಾಪುರ)

ಹಿಂದಕ್ಕೆ, ಎಳೆಯುವುದು ಮುಂದಿನ ಚಕ್ರವೇ ಆದರೂ. ಮುಂದೆ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸಂಭಾಳಿಸಬಹುದು. ನೀರು ನಿಂತ ಹೈವೇಯಲ್ಲಿ ಹಿಂಭಾಗ ಜಾರಿದರೆ ಕಾರು ಗಿರ್ರನೆ ಸುತ್ತುತ್ತದೆ. ಟೈರ್ ಅಂಗಡಿಯವರು ಬೇರೆ ಹೇಳಿದರೂ ಕೇಳಬೇಡಿ.