ಅಟೆನ್‌ಬರೊ ಆಫೀಸರ್ ಆಗಿದ್ರಾ?

ಪ್ರಶ್ನೆ: ನಮಸ್ಕಾರ ಸರ್. ‘ವೈಲ್ಡ್ ಕರ್ನಾಟಕ’ಕ್ಕೆ ಇಂಗ್ಲಿಷಲ್ಲಿ ವಾಯ್ಸ್ ಕೊಟ್ರಲ್ಲ ಡೇವಿಡ್ ಅಟೆನ್‌ಬರೊ, ಅವ್ರು ಒಂದ್ಕಾಲದಲ್ಲಿ ಬಿಬಿಸಿಲಿ ದೊಡ್ಡ ಆಫೀಸರ್ ಆಗಿದ್ರು ಅಂದ್ರೆ ನಮ್ಮನೇಲಿ ಯಾರೂ ನಂಬ್ತಿಲ್ಲ. ನಿಜಾನಾ? ನಿಜ ಆದ್ರೆ ಯಾಕೆ ಬಿಟ್ರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜಾನೇ, ಮನೆಯವ್ರಿಗೆ ಧೈರ್ಯವಾಗಿ ಹೇಳಿ. ನನಗಂತೂ ಅವ್ರ ಪ್ರಾಣಿಗಳ ಪ್ರೋಗ್ರಾಮ್‌ನಷ್ಟೇ ಆ ಎಂಟು ವರ್ಷದ ಆಫೀಸ್ ಕೆಲಸಾನೂ ಇಷ್ಟ.

1950ರಲ್ಲಿ ರೇಡಿಯೋ ಕೆಲಸಕ್ಕೆ ಅರ್ಜಿ ಹಾಕಿದ್ರು, ಸಿಗ್ಲಿಲ್ಲ. ಆ ಅರ್ಜಿ ಟಿವಿ ವಿಭಾಗದ ಮೇರಿ ಆಡಮ್ಸ್ ಕಣ್ಣಿಗೆ ಬಿದ್ದು ಟ್ರೈನಿಂಗ್‌ಗೆ ಕರೆದ್ರು, ಅಷ್ಟೊತ್ತಿಗೆ ಇವ್ರು ಜೀವನದಲ್ಲಿ ನೋಡಿದ್ದು ಒಂದೇ ಒಂದು ಟಿವಿ ಪ್ರೋಗ್ರಾಮ್! ಹಲ್ಲು ದೊಡ್ಡದು, ಕ್ಯಾಮೆರಾ ಮುಂದೆ ಬೇಡ ಅಂತಾನೂ ಆ ಮೇಡಮ್ಮೇ ಅಂದಿದ್ರು. 1954ರಲ್ಲಿ ‘ಝೂ ಕ್ವೆಸ್ಟ್’ ಅನ್ನೋ ಪ್ರಾಣಿಗಳ ಪ್ರೋಗ್ರಾಮ್ ನಡೆಸಿಕೊಡಬೇಕಾಗಿದ್ದವ್ರಿಗೆ ಹುಷಾರಿಲ್ದೆ ಹೋಗಿ ಇವ್ರೇ ಮುಂದೆ ನಿಲ್ಲಬೇಕಾಯ್ತು, ಆಮೇಲಿಂದು ನಿಮಗೆಲ್ಲ ಗೊತ್ತೇ ಇದೆ.

1965ರಲ್ಲಿ ಬಿಬಿಸಿ ಟೂ ಚಾನೆಲ್‌ಗೆ ಕಂಟ್ರೋಲರ್, ಅಂದ್ರೆ ಮುಖ್ಯಸ್ಥ, ಆದ್ರು. ಚಾನೆಲ್ ಶುರುವಾಗಿ ಇನ್ನೂ ಒಂದು ವರ್ಷ ತುಂಬಿರ್ಲಿಲ್ಲ, ಮೊದಲ್ನೇ ರಾತ್ರಿನೇ ಲಂಡನ್‌ನಲ್ಲಿ ಕರೆಂಟ್ ಹೋಗಿ ಪ್ರೋಗ್ರಾಮ್ ಎಲ್ಲಾ ಕೆಟ್ಟಿತ್ತು, ಅದೂ ಅಲ್ದೆ ಅದನ್ನ ನೋಡೋಕೆ ಹೊಸ ಸೆಟ್ಟು ಹೊಸ ಆಂಟೆನಾ ಎರಡೂ ಬೇಕು, ಹಂಗಾಗಿ ನೋಡೋರೇ ಕಮ್ಮಿ. ಇವ್ರು ಒಂದು ಕಂಡೀಶನ್ ಹಾಕಿಯೇ ಒಪ್ಕೊಂಡಿದ್ದು: ಆಗಾಗ ಹೋಗಿ ನಾನೇ ಪ್ರೋಗ್ರಾಮ್ ಮಾಡ್ಕೊಂಡು ಬರ್ತೀನಿ ಅಂತ.

1967 ಜುಲೈ 1ರಂದು ವಿಂಬಲ್ಡನ್ ಟೆನಿಸ್‌ನಿಂದ ಬಿಬಿಸಿ ಟೂ ಕಲರ್ ಆಯ್ತು. ಈಗ ಕಲರ್ ಬಂತಲ್ಲ, ಅದರಲ್ಲಿ ಏನು ತೋರಿಸೋದು? ಬಣ್ಣಬಣ್ಣದ ಚೆಂಡುಗಳ ಟೇಬಲ್ ಆಟ ಸ್ನೂಕರ್ ತಂದ್ರು, ಯಾಕಂದ್ರೆ ಬ್ಲ್ಯಾಕ್ ಅಂಡ್ ವೈಟಲ್ಲಿ ಯಾವ ಚೆಂಡು ಯಾವ ಬಣ್ಣ ಅಂತಾನೇ ಗೊತ್ತಾಗಲ್ಲ. ಇನ್ನೊಂದು ಕಡೆ ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ ಅವ್ರನ್ನ ಹಿಡಿದು ಯುರೋಪಿನ ಕಲೆ ಬಗ್ಗೆ 13 ಕಂತಿನ ‘ಸಿವಿಲೈಸೇಶನ್’ ಮಾಡಿಸಿದ್ರು, 1969ರಲ್ಲಿ ಬಂತು, ಒಂದೊಂದು ಕಂತೂ ಸುಮಾರು 50 ನಿಮಿಷ. ಒಬ್ಬ ತಿಳಿದವ್ರು ನಿಂತು ಒಂದು ವಿಷಯಾನ ಸಮಾಧಾನವಾಗಿ ವಾರ ವಾರ ಹೇಳ್ತಾ ಹೋದ್ರೆ ಜನ ಕೂತು ನೋಡ್ತಾರೆ ಅನ್ನೋ ನಂಬಿಕೆ ನೋಡಿ ಅದು, ಜಾಹೀರಾತಿನ ದುಡ್ಡಲ್ಲ ಟಿವಿ ಇಟ್ಕೊಂಡ ಜನ ಕಟ್ಟೋ ಲೈಸೆನ್ಸ್ ಫೀನಲ್ಲಿ ನಡೆಯೋ ಚಾನೆಲ್ ಮಾಡಬೇಕಾಗಿದ್ದೇ ಇಂಥ ಕೆಲಸ ಅಂತ ನನಗನ್ಸುತ್ತೆ.

ಆ ವರ್ಷಾನೇ ಪ್ರಮೋಷನ್ ಆಗಿ ಬಿಬಿಸಿ ಒನ್, ಬಿಬಿಸಿ ಟೂ ಎರಡೂ ಚಾನೆಲ್‌ಗಳ ಡೈರೆಕ್ಟರ್ ಆಫ್ ಪ್ರೋಗ್ರಾಮ್ಸ್ ಆದ್ರು. ಈಗ ಬಜೆಟ್ಟು, ಮೀಟಿಂಗು, ಇದೇ ದಿನಚರಿ, ಶೂಟಿಂಗ್‌ಗೆ ಹೋಗೋಕೆ ಪುರುಸೊತ್ತೇ ಇಲ್ಲ. 1972ರಲ್ಲಿ ಡೈರೆಕ್ಟರ್ ಜನರಲ್ ಹುದ್ದೆಗೇ, ಅಂದ್ರೆ ಬಿಬಿಸಿಯ ಅತಿ ದೊಡ್ಡ ಕುರ್ಚಿಗೇ, ಇವ್ರ ಹೆಸರು ಕೇಳಿ ಬಂತು. ಆಗ ಅಣ್ಣ ರಿಚರ್ಡ್‌ಗೆ (ಮುಂದೆ ‘ಗಾಂಧಿ’ ಸಿನಿಮಾ ಮಾಡಿದವ್ರು ಇವ್ರೇ) ಫೋನ್ ಮಾಡಿ ನನಗೆ ಆ ಕೆಲಸ ಬೇಡ್ವೇ ಬೇಡ ಅಂದ್ರಂತೆ. ಯಾರೂ ತೆಗೆದಿದ್ದಲ್ಲ, ತಾವಾಗೇ ರಾಜೀನಾಮೆ ಕೊಟ್ಟು ಮತ್ತೆ ಪ್ರೋಗ್ರಾಮ್ ಮಾಡೋಕೆ ಹೋದ್ರು.

1979ರಲ್ಲಿ ಬಂದ ಇವ್ರದ್ದೇ ಪ್ರೋಗ್ರಾಮ್ ‘ಲೈಫ್ ಆನ್ ಅರ್ತ್’ ಕೇಳಿರ್ತೀರಿ. ಅದೂ ‘ಸಿವಿಲೈಸೇಶನ್’ ಥರ 13 ಕಂತೇ, ಪ್ರಸಾರ ಆಗಿದ್ದೂ ಬಿಬಿಸಿ ಟೂನಲ್ಲೇ.